ಚುಕ್ಕೆಯ ಕಡೆ ನೋಡಬಾರದು

ಬಾಳ್ಯಾ ನನ್ನ ತಮ್ಮ. ಶಾಲೆಯಲ್ಲಿ ಬರೆಸಿದ ಹೆಸರು ಬಾಲಚಂದ್ರ. ಅವ್ವ ಗೋಡೆಯ ಜೊತೆ ಮಾತಾಡತೊಡಗಿ, ಅದು ಸ್ಕಿಜೋಫ್ರೇನಿಯಾ ಎಂದು ಡಾಕ್ಟರು ಹೇಳಿದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ಅಂದಿನಿಂದ ನಾನೇ ಅವನ ಅವ್ವ, ಅವನು ಕೇಳದಿದ್ದರೂ. ತೊಂಬತ್ತೆರಡರಲ್ಲಿ ನನ್ನ ಗಂಡನಿಗೆ ವಿಜಯವಾಡದ ಬ್ಯಾಂಕಿಗೆ ವರ್ಗವಾದಾಗ ಅವನನ್ನೂ ಧಾರವಾಡದಿಂದ ಅಲ್ಲಿನ ಭವಾನಿಪುರಂ ಬಡಾವಣೆಗೆ ಎಳೆದುಕೊಂಡು ಬಂದೆ.

ಅವನಿಗೊಬ್ಬ ಗೆಳೆಯನಿಲ್ಲ. ವಿಜಯವಾಡದ ಬೇಸಿಗೆಯಲ್ಲೂ ಸ್ವೆಟರ್. ಬಸ್ಸಿನಲ್ಲಿ ಯಾರಾದರೂ ನಕ್ಕರೆ ತನ್ನನ್ನೇ ಕಂಡು ನಕ್ಕರೆಂದು ನಡುದಾರಿಯಲ್ಲೇ ಇಳಿದುಬಿಡುತ್ತಿದ್ದ. ಅವ್ವನಿಗೂ ಶುರುವಾದದ್ದು ಹೀಗೆಯೇ.

ಕೊನೆಗೆ ವಿಶಾಖಪಟ್ಟಣಕ್ಕೆ ಕರೆದೊಯ್ದೆ. ಅಲ್ಲಿನ ಡಾಕ್ಟರ್ ಹೈಮಾವತಿ ಇಂಥ ಕಾಯಿಲೆ ಇದ್ದ ಮನೆತನದವರ ಕಣ್ಣು ಹೇಗೆ ಓಡುತ್ತದೆಂದು ಅಭ್ಯಾಸ ಮಾಡುತ್ತಿದ್ದರು. ಎರಡು ದಿನ ಅವನನ್ನು ಮಾತಾಡಿಸಿದರು. ಆಮೇಲೆ ಕತ್ತಲೆ ಕೋಣೆಯಲ್ಲಿ ಕೂರಿಸಿ, ಎದುರಿನ ಪರದೆಯ ಮೇಲೆ ಬೆಳಕಿನ ಚುಕ್ಕೆ ಬಿಟ್ಟರು. ಚುಕ್ಕೆ ಬಲಕ್ಕೆ ಹೊತ್ತಿದರೆ ಎಡಕ್ಕೆ ನೋಡಬೇಕು, ಎಡಕ್ಕೆ ಹೊತ್ತಿದರೆ ಬಲಕ್ಕೆ. ಬಾಳ್ಯಾನ ಕಣ್ಣು ಮತ್ತೆ ಮತ್ತೆ ಚುಕ್ಕೆಯ ಕಡೆಗೇ ಹಾರಿತು. ಯಂತ್ರದ ಮುಳ್ಳು ಅದನ್ನೆಲ್ಲ ಕಾಗದದ ಮೇಲೆ ಗೀಚುತ್ತಿತ್ತು.

"ಆ ಕಡೆ ಅಲ್ಲೋ ಬಾಳ್ಯಾ, ಈ ಕಡೆ!" ಎಂದು ಕೂಗಿದೆ.

"ನೋಡಬಾರದಂತ ಗೊತ್ತದ ಅಕ್ಕಾ. ಅಷ್ಟರಾಗ ಕಣ್ಣು ಹೋಗಿಬಿಡ್ತದ."

ಡಾಕ್ಟರಿಗೆ ನನ್ನ ಉಸಾಬರಿ ಸಾಕಾಯಿತು. "ನೀವೂ ಕೂತು ನೋಡಿ ಅಮ್ಮಾ" ಎಂದರು ತೆಲುಗಿನಲ್ಲಿ.

ಇದೇನು ಮಹಾ ಎಂದು ಕೂತೆ. ಚುಕ್ಕೆ ಹೊತ್ತಿತು, ನೋಡಿಯೇಬಿಟ್ಟೆ. ಇನ್ನೊಮ್ಮೆ ಹೊತ್ತಿತು, ಮತ್ತೆ ನೋಡಿದೆ. ಅವ್ವನದು ನನಗೂ ಬಂತೇ? ಬಾಳ್ಯಾನ ಚಿಂತೆಗಿಂತ ಈ ಹೆದರಿಕೆ ನನ್ನ ಹೊಟ್ಟೆಯಲ್ಲಿ ಹಳೆಯದು.

ಹೈಮಾವತಿ ದೀಪ ಹಾಕಿ ನಕ್ಕರು. "ಎಲ್ಲರ ಕಣ್ಣೂ ಒಮ್ಮೊಮ್ಮೆ ಜಾರುತ್ತದೆ ಅಮ್ಮಾ, ನನ್ನದೂ. ನಿಮಗೇನೂ ಆಗಿಲ್ಲ. ತಮ್ಮನದು ಸ್ವಲ್ಪ ಹೆಚ್ಚು ಜಾರುತ್ತದೆ. ಅವರ ಸ್ವಭಾವವೇ ಬೇರೆ ಥರ, ನಮ್ಮಲ್ಲಿ ಅದಕ್ಕೂ ಒಂದು ಹೆಸರಿದೆ. ಆದರೆ ನಿಮ್ಮ ತಾಯಿಯ ಕಾಯಿಲೆ ಅವರಿಗೆ ಇಲ್ಲ. ಯಂತ್ರ ನೋಡಿ ಹೇಳುತ್ತಿಲ್ಲ, ಅವರ ಜೊತೆ ಮಾತಾಡಿ ಹೇಳುತ್ತಿದ್ದೇನೆ. ಆಗಾಗ ಕರೆತನ್ನಿ, ಸಾಕು."

ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಎದೆಯ ಮೇಲಿನ ಕಲ್ಲು ಇಳಿದಿತ್ತು.

ಸಂಜೆ ಬೀಚಿನಲ್ಲಿ ಹುರಿದ ಶೇಂಗಾ ತಿನ್ನುತ್ತ ಕೂತೆವು. ಬಾಳ್ಯಾ ಸ್ವೆಟರ್ ಬಿಚ್ಚಿರಲಿಲ್ಲ. ಬಿಚ್ಚು ಎಂದು ನಾನೂ ಹೇಳಲಿಲ್ಲ. ದೂರದ ಗುಡ್ಡದ ಮೇಲೆ ದೀಪಸ್ತಂಭ ಹೊತ್ತಿಕೊಂಡಿತು.

"ಅಕ್ಕಾ, ಆ ಕಡೆ ನೋಡಬ್ಯಾಡ" ಎಂದ.

ನೋಡಿದೆ. ಅವನೂ ನೋಡಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಕ್ಕದಲ್ಲಿದ್ದ ಹುಡುಗಿಯರು ತಿರುಗಿ ನೋಡಿ ಅವರೂ ನಕ್ಕರು. ಇವನೀಗ ಎದ್ದು ಹೊರಟೇಬಿಡುತ್ತಾನೆಂದು ನಾನು ಸ್ವೆಟರಿನ ತೋಳು ಹಿಡಿದುಕೊಂಡೆ.

ಬಾಳ್ಯಾ ಏಳಲಿಲ್ಲ. "ಶೇಂಗಾ ಕೊಡು ಇಲ್ಲೆ" ಎಂದ.