ತಾಮ್ರದ ಜಡೆ

ಎರಡನೇ ಮಹಾಯುದ್ಧದ ಕಾಲ. ರಾಯದುರ್ಗಕ್ಕೆ ಕರೆಂಟು ಬಂದ ಹೊಸತು. ಶೇಂಗಾ ಎಣ್ಣೆ ಮಿಲ್ಲಿನ ಮೇಸ್ತ್ರಿ ಜಂಬಯ್ಯ ಹೊಸ ಮೋಟರಿಗೆ ದಿನಾ ಕುಂಕುಮ ಹಚ್ಚುತ್ತಿದ್ದನೇ ಹೊರತು ಓಡಿಸಿರಲಿಲ್ಲ. ಅದಕ್ಕೆ ಸರ್ಕಾರದ ಕರೆಂಟು ಇನ್‌ಸ್ಪೆಕ್ಟರ್ ನರಸಿಂಹಯ್ಯನವರ ಒಪ್ಪಿಗೆ ಬೇಕಿತ್ತು. ಮಡಕಶಿರಾ ಹತ್ತಿರದ ಅಗಳಿಯವರಾದ ಅವರು ಬಂದವರೇ, ಮೋಟರಿನ ಮೈಯಿಂದ ನೆಲಕ್ಕಿಳಿದ ಅರ್ತ್ ತಂತಿಯನ್ನು ಎರಡು ಬೆರಳಲ್ಲಿ ಹಿಡಿದರು.

"ಇದೇನಪ್ಪಾ ಜಂಬಯ್ಯ, ದಾರ ಕಟ್ಟಿದ್ದೀಯ?"

"ದಪ್ಪ ತಾಮ್ರ ಎಲ್ಲೂ ಸಿಗವಲ್ದ್ರಿ. ಸೋರಿದ ಕರೆಂಟು ನೆಲಕ್ಕ ಹೋದ್ರ ಸಾಕಲ್ಲೇನ್ರಿ?"

"ಹೋಗೋ ತನಕ ತಂತಿ ಇರ್ಬೇಕಲ್ಲ? ತಡಿ, ತೋರಿಸ್ತೀನಿ."

ಅವರು ಕರೆಂಟು ಸೋರಿದಂತಾಗಲೆಂದು ಬೇಕೆಂದೇ ಕರೆಂಟಿನ ತಂತಿಯೊಂದನ್ನು ಮೋಟರಿನ ಮೈಗೆ ಬಿಗಿದು, ಎಲ್ಲರನ್ನೂ ಹೊರಗೆ ಕಳಿಸಿ, ದೂರದಿಂದ ಸ್ವಿಚ್ ಒತ್ತಿದರು. ಶೇಂಗಾ ಸುಲಿಯುವ ಹೆಂಗಸರು ಬಾಗಿಲಲ್ಲಿ ಮುಗಿಬಿದ್ದರು. ಜಂಬಯ್ಯನ ಹೆಂಡತಿ ತಿಪ್ಪಕ್ಕ ಎಲ್ಲರಿಗಿಂತ ಮುಂದೆ. ಅರ್ತ್ ತಂತಿ ಕೆಂಪಾಯಿತು, ಬೆಳ್ಳಗಾಯಿತು, ಹಾವಿನಂತೆ ನುಲಿದು ಮಾಯವಾಯಿತು! ಫ್ಯೂಸು ಮಾತ್ರ ಏನೂ ಆಗದಂತೆ ಕುಳಿತಿತ್ತು.

"ಇನ್ನೊಂದ್ಸಲ ಮಾಡ್ರಿ!" ಹೆಂಗಸರು ಕೇಕೆ ಹಾಕಿದರು.

ನರಸಿಂಹಯ್ಯ ಸ್ವಿಚ್ ಆರಿಸಿದರು. "ಆರಿಸೋ ಮುಂಚೆ ಮೋಟರು ಮುಟ್ಟಿದ್ದಿದ್ರೆ ಗೋವಿಂದ! ಫ್ಯೂಸು ಕರಗೋಕೆ ಎಷ್ಟೊತ್ತು ಬೇಕೋ ಅಷ್ಟೊತ್ತು ಅರ್ತ್ ತಂತಿ ಕಾವು ತಡೀಬೇಕು. ನೀನು ಇದ್ದ ದಪ್ಪ ತುಂಡನ್ನ ಫ್ಯೂಸಿಗೆ ಹಾಕಿ, ನೆಲಕ್ಕೆ ಸಣ್ಣದು ಬಿಟ್ಟಿದ್ದೀಯ."

ಜಂಬಯ್ಯ ಮೋಟರಿನ ಮೈಗೆ ಬಿಗಿದಿದ್ದ ತಂತಿ ಬಿಚ್ಚಿ, ಫ್ಯೂಸಿಗೆ ತೀರ ಸಣ್ಣ ಎಳೆ ಹಾಕಿದ. ಮೋಟರು ಕದಲುವಷ್ಟರಲ್ಲೇ ಟಪ್! ಮತ್ತೆ ನಗು. ಕೊನೆಗೆ ನಡುವಿನ ಅಳತೆಯ ಎಳೆ ಮೋಟರು ಓಡಿದರೂ ಕರಗದೆ ನಿಂತಿತು. ಕರೆಂಟು ಸೋರಿದರೆ ಅದು ಬೇಗ ಕರಗುವಂಥದ್ದೇ, ಆದರೂ ಅರ್ತ್ ದಪ್ಪವಾಗಬೇಕಿತ್ತು.

"ಇರೋ ಸಣ್ಣ ತಂತೀನೇ ಹತ್ತಾರು ಎಳೆ ಸೇರಿಸು," ಎಂದರು ನರಸಿಂಹಯ್ಯ.

ಜಂಬಯ್ಯ ಎಳೆಗಳನ್ನು ಹೊಸೆದ. ಅವು ಬಿಚ್ಚಿಕೊಂಡು ಚಿಮ್ಮಿ ಅವನ ರುಮಾಲನ್ನೇ ಹಾರಿಸಿದವು.

"ಸರೀರಿ ಅತ್ತಾಗ," ಎಂದು ತಿಪ್ಪಕ್ಕ ಕೂತಳು. ಎಳೆಗಳನ್ನು ಮೂರು ಪಾಲು ಮಾಡಿ ಸರಸರನೆ ಜಡೆ ಹೆಣೆದಳು.

"ಇನ್ನೊಂದಷ್ಟು ಎಳೆ ಸೇರಿಸಮ್ಮ," ಎಂದರು ಇನ್‌ಸ್ಪೆಕ್ಟರು, ನಗು ತಡೆಯಲಾಗದೆ.

"ಮದುಮಗಳಿಗೆ ಹಾಕಿದಂಗ ಹಾಕ್ತೀನಿ ತಗೋರಿ!"

ಜಂಬಯ್ಯ ಅದರ ತುದಿಗಳಿಗೆ ಬೆಸುಗೆ ಹಾಕಿ ಬೋಲ್ಟಿನಿಂದ ಬಿಗಿದ. ನರಸಿಂಹಯ್ಯ ಮೊದಲಿನಂತೆ ಕರೆಂಟಿನ ತಂತಿಯನ್ನು ಮೋಟರಿನ ಮೈಗೆ ಬಿಗಿದರು. ಎಲ್ಲರೂ ಮತ್ತೆ ಹೊರಗೆ ನಿಂತರು. ಸ್ವಿಚ್ ಬಿತ್ತು. ಟಪ್! ಕಣ್ಣು ಮಿಟುಕಿಸುವುದರೊಳಗೆ ಫ್ಯೂಸು ಹೋಯಿತು. ಜಡೆ ಇದ್ದಂತೆಯೇ ಇತ್ತು. ಸ್ವಿಚ್ ಆರಿಸಿದ ಮೇಲೆ ಎಲ್ಲರೂ ಸಾಲಾಗಿ ಬಂದು ಅದನ್ನು ಮುಟ್ಟಿದರು. ಬರೀ ಬೆಚ್ಚಗೆ!

ಮೈಗೆ ಬಿಗಿದ ತಂತಿ ಬಿಚ್ಚಿ, ಹೊಸ ಫ್ಯೂಸು ಹಾಕಿ ಮೋಟರು ಓಡಿಸಿದರು. ಜಂಬಯ್ಯ ಹಿಂದೆ ಸರಿದ. ನರಸಿಂಹಯ್ಯ ತಾವೇ ಮೋಟರಿನ ಮೇಲೆ ಕೈಯಿಟ್ಟು ತೋರಿಸಿದರು. ತಿಪ್ಪಕ್ಕನೂ ಅಂಗೈ ಊರಿದಳು.

"ಅಯ್ಯ, ಬೆಕ್ಕಿನ ಹೊಟ್ಟಿ ಮುಟ್ಟಿದಂಗ ಐತ್ರೀ!"

ಮೊದಲ ಎಣ್ಣೆಯಲ್ಲಿ ಮಿಲ್ಲಿನಂಗಳದಲ್ಲೇ ಮೆಣಸಿನಕಾಯಿ ಬಜ್ಜಿ ಕರಿದರು. ತಾವು ಹಿಡಿಯಬೇಕಿದ್ದ ಬಳ್ಳಾರಿ ರೈಲು ಕೂಗಿದ್ದು ನರಸಿಂಹಯ್ಯನವರಿಗೆ ಕೇಳಿಸಿತು. ಅವರು ಮಾತ್ರ ಎಲೆ ಮುಂದೆ ಚಾಚಿ, ಇನ್ನೆರಡು ಹಾಕಮ್ಮ ಎಂದರು.