ಹನ್ನೊಂದನೆಯ ಜಾಗ

ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಯಾಮ್ನಾ ಬಾಗಿಲು ತೆಗೆದಳು. ಹೊರಗೆ ತಮ್ಮನ ಹೆಂಡತಿ ರಹ್ಮಾ ಬರಿಗಾಲಿನಲ್ಲಿ ನಿಂತಿದ್ದಳು.

“ಅತ್ಗೆ, ಅವರು ಫಜರ್ ನಮಾಜಿಗೆ ಏಳ್ಲಿಲ್ಲ.”

ತಮ್ಮ ಮೀಲೂದ್ ಒಂದು ದಿನವೂ ನಸುಕಿನ ಆ ನಮಾಜು ತಪ್ಪಿಸಿದವನಲ್ಲ. ಯಾಮ್ನಾಳಿಗೆ ಅಷ್ಟು ಸಾಕಾಯಿತು. ಕೈ ತೊಳೆದು ಹೊರಟಳು. ಒಂಬತ್ತು ವರ್ಷ ತುಳಿಯದಿದ್ದ ಅವನ ಮನೆಯ ಹೊಸ್ತಿಲನ್ನು ಅಂದು ದಾಟಿದಳು.

ಸೆಫ್ರೂ ಊರಿನ ಆ ಕೇರಿಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಸಾವಿನ ಸುದ್ದಿಗೆ ಹೊತ್ತು ಬೇಕಿಲ್ಲ. ಹೊತ್ತೇರುವುದರೊಳಗೆ ಅಂಗಳದಲ್ಲಿ ಹೆಂಗಸರು, ಓಣಿಯಲ್ಲಿ ಗಂಡಸರು ಕಿಕ್ಕಿರಿದರು. ಮೀಲೂದನ ಮಯ್ಯತ್ತು ತೊಳೆದು, ಕಫನಿನ ಬಟ್ಟೆ ಹೊದಿಸಿ, ಕಿತ್ತಳೆ ಹೂವಿನ ನೀರು ಚಿಮುಕಿಸಿದರು.

ರಹ್ಮಾ ಯಾಮ್ನಾಳ ತೋಳು ಹಿಡಿದಳು. “ಇಮಾಮರು ಈಗ ಅವರ ಪರವಾಗಿ ಕ್ಷಮೆ ಕೇಳ್ತಾರೆ ಅತ್ಗೆ. ನೀವು ಕ್ಷಮಿಸ್ದೆ ಹೋದ್ರೆ ಅವರು ಭಾರ ಹೊತ್ಕೊಂಡೇ ಮಣ್ಣಿಗೆ ಹೋಗ್ತಾರೆ.”

ಯಾಮ್ನಾ ತೋಳು ಬಿಡಿಸಿಕೊಂಡು ಚಟ್ಟದ ಬಳಿ ಹೋಗಿ ನಿಂತಳು.

*

ಮೀಲೂದ್ ಪುರಸಭೆಯಲ್ಲಿ ನಕ್ಷೆ ಬರೆಯುವವನಾಗಿದ್ದ. ಮಕ್ಕಳಿಗೆ, ಮುದುಕರಿಗೆ ಬಯಲು ಬೇಕೆಂದು ಕೊಳ್ಳಬೇಕಾದ ಜಾಗಗಳ ಪಟ್ಟಿಯನ್ನು ಪುರಸಭೆ ವರ್ಷಕ್ಕೊಮ್ಮೆ ಮಾಡುತ್ತಿತ್ತು. ಮೊದಲನೆಯದು ಯಾವಾಗಲೂ ಹೊಳೆದಂಡೆ. ಅಲ್ಲಿ ಸದಸ್ಯರ ಬಂಗಲೆಗಳು, ಬಂಗಲೆಗೊಂದು ತೋಟ. ಮೀಲೂದನ ಕೇರಿ ಹನ್ನೊಂದನೆಯದು. ಹಣ ಎಂದೂ ಮೂರನೆಯದನ್ನು ದಾಟಲಿಲ್ಲ.

“ಅಕ್ಕಾ, ಕೇರಿ ಮಗ್ಗುಲಲ್ಲಿರೋ ಅಪ್ಪನ ಆಲಿವ್ ತೋಪನ್ನ ಪುರಸಭೆಗೆ ಕೊಟ್ಬಿಡೋಣ,” ಎಂದಿದ್ದ. “ಪುಕ್ಕಟೆ ಕೊಟ್ಟದ್ದಕ್ಕೆ ಸರದಿ ಎಲ್ಲಿ? ಮಕ್ಕಳು ಆಡ್ಕೊಳ್ಳಿ. ಹಬ್ಬದ ನಮಾಜೂ ಅಲ್ಲೇ ಆಗ್ಲಿ.”

“ಹಾಗಾದ್ರೆ ಕಾಜಿ ಮುಂದೆ ವಕ್ಫ್ ಅಂತ ಬರೆಸೋ. ಯಾರೂ ಮುಟ್ಟೋಕಾಗಲ್ಲ.”

“ನಾನೇ ಅಲ್ಲಿ ಕೂತಿರ್ತೀನಲ್ಲ! ನನ್ನ ಕಚೇರಿನ ನಾನೇ ನಂಬ್ಲಿಲ್ಲ ಅಂದ್ರೆ ನಾಚ್ಕೆಗೇಡು.”

ವಿಧವೆಯಾದ ಯಾಮ್ನಾಳಿಗೆ ಇದ್ದ ಆಸ್ತಿ ತೋಪಿನಲ್ಲಿನ ಅದೊಂದೇ ಪಾಲು. ಆದರೂ ಹೆಬ್ಬೆಟ್ಟು ಒತ್ತಿದಳು.

ಮೂರು ವರ್ಷದ ಮೇಲೆ ಪುರಸಭೆ ಬಯಲಿಗೆಂದು ಹೊಳೆದಂಡೆಯಲ್ಲೇ ಇನ್ನೊಂದು ಜಾಗವನ್ನು ಪಡೆಯಿತು. ಅದರ ಒಡೆಯನಿಗೆ ಬದಲಿಯಾಗಿ ಕೊಟ್ಟದ್ದು ಆಲಿವ್ ತೋಪು. ವಿನಿಮಯದ ನಕ್ಷೆ ಬರೆಯಲು ಮೀಲೂದನಿಗೇ ಹೇಳಿದರು. ಬರೆದುಕೊಟ್ಟ. ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. ಮರ ಕಡಿಯುವ ಸದ್ದಿನಿಂದಲೇ ಅವಳು ತಿಳಿದುಕೊಂಡಳು.

*

ಇಮಾಮರು ಬಾಗಿಲಲ್ಲಿ ನಿಂತು ಕೇಳಿದರು: “ಇವನಿಂದ ಯಾರಿಗಾದ್ರೂ ನೋವಾಗಿದ್ರೆ ಅಲ್ಲಾಹನಿಗೋಸ್ಕರ ಕ್ಷಮಿಸಿಬಿಡಿ.”

ಓಣಿಯಿಂದ ಎಲ್ಲರಿಗಿಂತ ಮೊದಲು ಗಟ್ಟಿ ದನಿಯೊಂದು ಕೇಳಿತು. “ಕ್ಷಮಿಸಿದ್ದೀವಿ. ಮೀಲೂದ್ ಊರಿಗಾಗಿ ಬದುಕಿದ ಮನುಷ್ಯ.” ಅದು ತಯ್ಯಿಬ್; ಆ ವಿನಿಮಯಕ್ಕೆ ಸಹಿ ಹಾಕಿದ ಅಂದಿನ ಪುರಸಭಾಧ್ಯಕ್ಷ.

ಯಾಮ್ನಾ ಹೊಸ್ತಿಲಿಗೆ ಬಂದಳು.

“ನೀವ್ಯಾಕಪ್ಪಾ ಕ್ಷಮಿಸ್ತೀರಿ? ಅವನು ನಿಮ್ಮದೇನು ಕಿತ್ಕೊಂಡಿದ್ದ?”

“ಯಾಮ್ನಾ, ಸತ್ತೋರ ಮುಂದೆ ಈ ಮಾತು...”

“ಸತ್ತೋನ ಮುಂದೇನೇ ಹೇಳ್ಬೇಕು. ಇವನು ಪೆದ್ದ. ನಿಮ್ಮನ್ನ ನಂಬ್ದ. ನಿಮ್ಮ ಮೊಮ್ಮಕ್ಕಳು ಆಡೋದು ನಮ್ಮಪ್ಪನ ತೋಪಿನ ಬೆಲೇಲಿ. ಇಮಾಮರೇ, ನನ್ನ ತಮ್ಮನ್ನ ಕ್ಷಮಿಸಿದ್ದೀನಿ, ಬರ್ಕೊಳ್ಳೋ ದೇವದೂತರು ಬರ್ಕೊಳ್ಳಿ. ಇವರ ಲೆಕ್ಕ ಕಯಾಮತ್ತಿನ ದಿನಕ್ಕಿರ್ಲಿ.”

ತಯ್ಯಿಬ್ ನೆಲ ನೋಡಿದ. ಸರಿದು ನಿಲ್ಲಲು ಅವನಿಗೂ ಓಣಿಯಲ್ಲಿ ಜಾಗವಿರಲಿಲ್ಲ.

ಜನಾಜಾ ಎತ್ತಿದರು. ತೋಪಿದ್ದಲ್ಲಿ ಈಗ ನಾಲ್ಕು ಅಂತಸ್ತಿನ ಮನೆಗಳು. ಅವುಗಳ ಮೂಲೆಯಲ್ಲಿ ಚಟ್ಟ ತಿರುಗಲಿಲ್ಲ. “ಓರೆ ಮಾಡ್ರೋ, ತಲೆ ಕಡೆ ಎತ್ತಿ, ಮೆಲ್ಲಗೆ!” ಎಂದು ಗಂಡಸರು ಕೂಗಾಡಿದರು. ಗೋಡೆಗೆ ಉಜ್ಜಿಕೊಂಡೇ ಅದು ಮರೆಯಾಯಿತು.

ಸ್ಮಶಾನಕ್ಕೆ ಹೆಂಗಸರು ಹೋಗುವ ರೂಢಿಯಿಲ್ಲ. ಯಾಮ್ನಾ ರಹ್ಮಾಳ ಪಕ್ಕದಲ್ಲಿ ಅಂಗೈಗಳನ್ನು ಬಿಚ್ಚಿ ನಿಂತಳು.

“ಯಾ ಅಲ್ಲಾಹ್, ಅವನ ತಪ್ಪನ್ನು ಮನ್ನಿಸು. ಅವನ ಗೋರಿಯನ್ನು ಅಗಲ ಮಾಡು, ಕಣ್ಣು ಹಾಯುವಷ್ಟು ಅಗಲ ಮಾಡು. ಅಲ್ಲಿ ಅವನಿಗೆ ಶಾಂತಿ ಕೊಡು. ಆಮೀನ್.”