ಬೀರುವಿನಲ್ಲಿಟ್ಟ ಗಾರ್ಡು

ಜಿಗಣಿಯ ಒಂದು ತಗಡಿನ ಶೆಡ್ಡಿನ ಕಾರ್ಖಾನೆಯಲ್ಲಿ ಲೋಹ ಒತ್ತಿ ಕತ್ತರಿಸುವ ಪವರ್ ಪ್ರೆಸ್ಸು ಭಾಗ್ಯಮ್ಮನ ಬಲಗೈಯ ಎರಡು ಬೆರಳು ನುಂಗಿತ್ತು. ಕೈ ಒಳಗೆ ಹೋಗದಂತೆ ತಡೆಯುವ ಕಬ್ಬಿಣದ ಜಾಲರಿ, ಅಂದರೆ ಗಾರ್ಡು, ಅಲ್ಲಿನ ಯಾವ ಮಿಷಿನ್ನಿಗೂ ಇರಲಿಲ್ಲ. ಕೆಳಗಿನ ಕೋರ್ಟು ಪರಿಹಾರ ಕೊಡಿ ಎಂದಿತು. ಮಾಲೀಕ ಶಿವಶಂಕರ್ ಹೈಕೋರ್ಟಿಗೆ ಮೇಲ್ಮನವಿ ಹಾಕಿದ. ಗಾರ್ಡು ಇತ್ತು, ಬೇಗ ಕೆಲಸ ಮುಗಿಸುವ ಆಸೆಗೆ ಭಾಗ್ಯಮ್ಮನೇ ಬಿಚ್ಚಿಟ್ಟಳು ಎಂದು ಅದರಲ್ಲಿ ಬರೆಸಿದ್ದ. ಬೆರಳು ಹೋಗಿದ್ದಲ್ಲದೆ ತಪ್ಪೂ ಅವಳದೇ ಆಯಿತು.

ಬರೆದರೆ ಸಾಲದು, ಫೋಟೋ ಲಗತ್ತಿಸಬೇಕು ಎಂದರು ಅವನ ವಕೀಲರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಶಿವಶಂಕರ್ ಆ ಬಾಗಿಲನ್ನೂ ಪೂರ್ತಿ ಹಾಕುವ ಪೈಕಿಯವನಲ್ಲ. ಸೂಪರ್‌ವೈಸರ್ ವಿನಾಯಕ್‌ನನ್ನು ಅಂಗಡಿಗೆ ಕಳಿಸಿ ಒಂದೇ ಒಂದು ಗಾರ್ಡು ತರಿಸಿದ. ಅದೂ ಫೋಟೋ ಮುಗಿದ ಮೇಲೆ ವಾಪಸ್ ಕೊಡುವ ಮಾತಿನ ಮೇಲೆ.

ಫೋಟೋಗೆಂದು ಅದನ್ನು ಮಿಷಿನ್ನಿಂದ ಮಿಷಿನ್ನಿಗೆ ಹೊತ್ತು ಸಿಕ್ಕಿಸುವ ಕೆಲಸ ಪದ್ಮಾವತಿಗೆ ಬಿತ್ತು. ಭಾಗ್ಯಮ್ಮನ ಪಕ್ಕದ ಮಿಷಿನ್ನಿನವಳು ಅವಳು. ಹೊಸ ಕಬ್ಬಿಣ ಬಂದಿದೆ, ಹಾಗೇ ಮುಟ್ಟಬಾರದು ಎಂದು ಹಿರಿಯಳಾದ ಮುನಿಯಕ್ಕ ಮೊದಲು ಅದಕ್ಕೆ ಅರಿಶಿನ ಕುಂಕುಮ ಇಟ್ಟು ಕರ್ಪೂರ ಬೆಳಗಿದಳು. ಬೇಡ ಅನ್ನಲು ವಿನಾಯಕ್‌ಗೆ ಧೈರ್ಯ ಬರಲಿಲ್ಲ. ಶೂ ಬಿಚ್ಚಿ ತಾನೂ ಕೈ ಮುಗಿದ. ಫೋಟೋ ತೆಗೆಯುವಷ್ಟು ಹೊತ್ತು ಪ್ರತಿ ಮಿಷಿನ್ನೂ ಕಾನೂನು ಪಾಲಿಸಿತು.

ಪೂಜೆಯಾದ ಮಾಲನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಶಿವಶಂಕರ್‌ಗೆ ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಗಾರ್ಡನ್ನು ಬಟ್ಟೆಯಲ್ಲಿ ಸುತ್ತಿ ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದ. ಒಂದು ಮಿಷಿನ್ನಿಗಾದರೂ ಹಾಕಿಸಿ ಎಂದು ಪದ್ಮಾವತಿ ಕೇಳಿದ್ದಕ್ಕೆ, ಎಣ್ಣೆ ಮೆತ್ತಿ ಹಾಳಾಗುತ್ತೆ, ಕೋರ್ಟಿಗೆ ಮತ್ತೆ ಬೇಕಾಗಬಹುದು ಎಂದ. ಅವಳಿಗೆ ನಗು ಬಂತು. ಆಮೇಲೆ ತನ್ನ ಬೆರಳುಗಳನ್ನು ನೋಡಿಕೊಂಡಳು, ಮೈಯೆಲ್ಲ ಉರಿಯಿತು.

ಮರುದಿನ ವಿನಾಯಕ್ ಪದ್ಮಾವತಿಯ ಮುಂದೆ ಟೈಪಾದ ಹಾಳೆ ಹಿಡಿದ. ಭಾಗ್ಯಮ್ಮ ಗಾರ್ಡು ತೆಗೆದಿದ್ದನ್ನು ಕಣ್ಣಾರೆ ಕಂಡೆ ಎಂದು ಅದರಲ್ಲಿದೆ, ಸೈನ್ ಹಾಕಿದರೆ ಸಾಕು ಎಂದ.

"ತೆಗಿಯಕ್ಕೆ ಮೊದ್ಲು ಇರ್ಬೇಕಲ್ವಾ ಸಾರ್?"

"ಕೆಲ್ಸ ಬೇಕೋ ಬೇಡ್ವೋ, ಯೋಚ್ನೆ ಮಾಡಮ್ಮ."

ಅವಳು ಯೋಚನೆ ಮಾಡಿದಳು, ಆದರೆ ಒಬ್ಬಳೇ ಅಲ್ಲ. ಊಟದ ಹೊತ್ತಿನಲ್ಲಿ ಬುತ್ತಿ ಬಿಚ್ಚಿ ಕೂತ ಹೆಂಗಸರೆಲ್ಲ ಸೇರಿ ಯೋಚನೆ ಮಾಡಿದರು. ಭಾನುವಾರ ಭಾಗ್ಯಮ್ಮನನ್ನು ಕರೆದುಕೊಂಡು ಅವಳ ವಕೀಲರಾದ ಆಶಾರಾಣಿಯವರ ಆಫೀಸಿಗೆ ಹೋದರು. ಕುರ್ಚಿ ಸಾಲದೆ ಮೆಟ್ಟಿಲ ತನಕ ಕೂತರು.

ಮೇಲ್ಮನವಿಗೆ ತಕರಾರು ಸಲ್ಲಿಸಲು ಸಾಕ್ಷಿ ಸಿಗದೆ ಆಶಾರಾಣಿ ಒದ್ದಾಡುತ್ತಿದ್ದರು. ಪದ್ಮಾವತಿ ಗಾರ್ಡು ಹೊತ್ತ ಕಥೆ ಹೇಳಿದ ಮೇಲೆ ಕಂಪನಿಯ ಫೋಟೋಗಳನ್ನು ಹರಡಿ ನೋಡಿದರೆ, ಎಲ್ಲ ಮಿಷಿನ್ನಿನ ಗಾರ್ಡಿನ ಮೇಲೂ ಅದೇ ಜಾಗದಲ್ಲಿ ಅದೇ ಸೋರಿದ ಕುಂಕುಮ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಷ್ಟೋ ತಿಂಗಳ ಮೇಲೆ ಭಾಗ್ಯಮ್ಮನೂ ನಕ್ಕಳು.

ನಗು ನಿಂತ ಮೇಲೆ ವಕೀಲರು ಮೆಲ್ಲಗೆ ಎಚ್ಚರಿಸಿದರು: ಅಫಿಡವಿಟ್ ಕೊಟ್ಟವರನ್ನು ಕಂಪನಿ ಸುಮ್ಮನೆ ಬಿಡುವುದಿಲ್ಲ, ಒಬ್ಬರ ಹೆಸರಿದ್ದರೂ ನಡೆಯುತ್ತದೆ.

"ಒಬ್ಬರ ಹೆಸ್ರು ಬರುದ್ರೆ ನಾಳೆ ಒಬ್ಬರನ್ನ ಮನೆಗೆ ಕಳಿಸ್ತಾರೆ ಮೇಡಂ," ಎಂದಳು ಪದ್ಮಾವತಿ. "ಎಲ್ಲಾರ್ದೂ ಬರ್ಕಳಿ. ಎಲ್ಲಾರ್ನೂ ಕಳ್ಸುದ್ರೆ, ಆ ಮಿಷಿನ್ನೊಳ್ಗೆ ಓನರ್ರೇ ಕೈ ಇಡ್ಬೇಕಾಯ್ತದೆ."